ಬ್ಯಾಟ್‌ಮ್ಯಾನ್ ಮರುವೀಕ್ಷಣೆ: 85ರಲ್ಲಿ 33 ಮುಗೀತು

ತಿಪಟೂರಿನ ನಮ್ಮ ಮನೆ ಟೀವಿಯಲ್ಲಿ ಬ್ಯಾಟ್‌ಮ್ಯಾನ್ ಕಾರ್ಟೂನ್ ಶುರುವಾದ ಕೂಡಲೇ ಅಪ್ಪ ಎದ್ದು ಹೋಗಿ ಬ್ರೈಟ್‌ನೆಸ್ ತಿರುಗಿಸುತ್ತಿದ್ದರು. ಪರದೆ ಕೆಳಗೆ ಒಂದು ಪುಟ್ಟ ಮುಚ್ಚಳ, ಅದರೊಳಗೆ ಸಾಲಾಗಿ ಮೂರು ತಿರುಪು. "ತಿಂಗಳು ತಿಂಗಳು ಕೇಬಲ್‌ನೋನಿಗೆ ದುಡ್ಡು ಕೊಟ್ಟು ಕತ್ತಲೆ ನೋಡ್ಬೇಕೇನೋ?" ಅಂತ ಗೊಣಗಿಕೊಂಡು ನಡುವಿನದನ್ನು ಬಲಕ್ಕೆ ತಿರುಗಿಸೋರು. ಗಾಥಮ್ ನಗರವೆಲ್ಲ ಒಲೆ ಬೂದಿ ಬಳಿದ ಹಾಗಾಗುತ್ತಿತ್ತು. ಆಮೇಲೆ ವಾರ್ತೆ ಹಾಕಿದರೆ ವಾರ್ತೆ ಓದುವವರ ಮುಖ ಸುಣ್ಣ ಹೊಡೆದ ಗೋಡೆ. ಮತ್ತೆ ಎದ್ದು ಎಡಕ್ಕೆ. ಆ ಕಪ್ಪು ನಮ್ಮ ಕೇಬಲ್ಲಿನ ದೋಷ ಅಂತ ನಾನೂ ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಈಗ ಆ ಧಾರಾವಾಹಿಯ ಬ್ಲೂ-ರೇ ಡಿಸ್ಕ್‌ಗಳ ಪೆಟ್ಟಿಗೆ ಮನೆಗೆ ಬಂದಿದೆ. 'ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್', ಅಮೆರಿಕದ ಫಾಕ್ಸ್ ಕಿಡ್ಸ್‌ನಲ್ಲಿ 1992ರ ಸೆಪ್ಟೆಂಬರ್ 5ಕ್ಕೆ ಶುರುವಾಗಿ 1995ರ ಸೆಪ್ಟೆಂಬರ್‌ವರೆಗೆ ಬಂದ 85 ಕಂತು. ಒಂದೊಂದು ಸುಮಾರು 22 ನಿಮಿಷ, ಒಟ್ಟು ಮೂವತ್ತೊಂದು ಗಂಟೆ ಚಿಲ್ಲರೆ. ಪ್ರಸಾರವಾದ ಕ್ರಮ ಬೇಡ, ತಯಾರಾದ ಕ್ರಮದಲ್ಲೇ ನೋಡೋದು ಅಂತ ನಿರ್ಧರಿಸಿದೆ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದು ಮೂರು ಗೆರೆ ಎಳೆದೆ: ಕಂತಿನ ಸಂಖ್ಯೆ, ಚಿತ್ರ ಬರೆದ ಸ್ಟುಡಿಯೊ, ಕಣ್ಣಿಗೆ ಬಿದ್ದ ಒಂದೇ ಒಂದು ಸಂಗತಿ. ಒಂದೇ ಅಂದರೆ ಒಂದೇ. ಇಲ್ಲದಿದ್ದರೆ ನಾನು ಬರೀತಾನೇ ಇರ್ತೀನಿ, ಪಕ್ಕದಲ್ಲಿ ಮಗಳು ನಿದ್ದೆ ಹೋಗಿರ್ತಾಳೆ.

ಪೆಟ್ಟಿಗೆ ಪುರಾಣ

ಈ ಪೆಟ್ಟಿಗೆ 2018ರ ಅಕ್ಟೋಬರ್‌ನಲ್ಲಿ ಬಂದದ್ದು, ಸೀಮಿತ ಸಂಖ್ಯೆಯಲ್ಲಿ. ನನಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಸ್ನೇಹಿತನ ಸೂಟ್‌ಕೇಸಿನಲ್ಲಿ, ಎರಡು ಸ್ವೆಟರ್‌ಗಳ ನಡುವೆ ಕೂತು ಬಂತು. ಹೊಸದಾಗಿದ್ದಾಗ ಇದರ ಜೊತೆ ಮೂರು ಪುಟ್ಟ ಗೊಂಬೆ ಇದ್ದವು: ಬ್ಯಾಟ್‌ಮ್ಯಾನ್, ಅವನ ಶತ್ರು ಜೋಕರ್, ಜೋಕರನ ಜೊತೆಗಾತಿ ಹಾರ್ಲಿ ಕ್ವಿನ್. ನಮ್ಮದರಲ್ಲಿ ಹಾರ್ಲಿ ನಾಪತ್ತೆ. ಮಾರಿದ ಪುಣ್ಯಾತ್ಮ 'ಎಲ್ಲಾ ಸರಿಯಾಗಿದೆ' ಅಂತಲೇ ಬರೆದಿದ್ದ. ಮಗಳಿಗೆ ಅದೊಂದೇ ಗೊಂಬೆ ಬೇಕಿತ್ತು ಅನ್ನೋದು ಬೇರೆ ಮಾತು.

ಇದಕ್ಕೆ ಮುಂಚೆ ನನ್ನ ಹತ್ತಿರ ಡಿವಿಡಿಯ ಮೊದಲ ಸಂಪುಟ ಇತ್ತು, 2004ರದ್ದು, 28 ಕಂತು. ಚಿಕ್ಕಪ್ಪ ಅಮೆರಿಕದಿಂದ ತಂದುಕೊಟ್ಟಿದ್ದರು. ಖುಷಿಯಲ್ಲಿ ಪ್ಲೇಯರ್‌ಗೆ ಹಾಕಿದರೆ 'ಪ್ರದೇಶ ತಪ್ಪು' ಅಂತ ಬಂತು. ಡಿವಿಡಿ ಲೆಕ್ಕದಲ್ಲಿ ಅಮೆರಿಕ 1ನೇ ಪ್ರದೇಶ, ನಾವು 5. ಕೊನೆಗೆ ಟೀವಿ ರಿಪೇರಿ ಅಂಗಡಿಯ ಹುಡುಗ ರಿಮೋಟಿನಲ್ಲಿ ಏನೋ ಗುಟ್ಟಿನ ಅಂಕಿ ಒತ್ತಿ ಬೀಗ ತೆಗೆದುಕೊಟ್ಟ; ಐವತ್ತು ರೂಪಾಯಿ ತಗೊಂಡ. ಬ್ಲೂ-ರೇಯಲ್ಲೂ ಇದೇ ಜಾತಿಭೇದ ಇದೆ, ಅವರದು ಎ, ನಮ್ಮದು ಸಿ. ಹಾಗಾಗಿ ಮೊದಲ ಡಿಸ್ಕ್ ಒಳಗೆ ಹೋಗುವಾಗ ಉಸಿರು ಬಿಗಿಹಿಡಿದಿದ್ದೆ. ಯಾವ ತಕರಾರೂ ಇಲ್ಲದೆ ಓಡಿತು.

ಮೊದಲ ವಾರ: ಟೀವಿಯ ಜೊತೆ ಜಗಳ

1ನೇ ಕಂತು 'ಆನ್ ಲೆದರ್ ವಿಂಗ್ಸ್'. ಶೀರ್ಷಿಕೆ ದೃಶ್ಯ ನೋಡಿಯೇ ಎರಡು ಸಲ ಹಿಂದಕ್ಕೆ ಓಡಿಸಿದೆ. ಅದರಲ್ಲಿ ಎಲ್ಲೂ ಧಾರಾವಾಹಿಯ ಹೆಸರೇ ಬರೋದಿಲ್ಲ! ಚಿಕ್ಕಂದಿನಲ್ಲಿ ನೂರು ಸಲ ನೋಡಿದ್ದರೂ ಗಮನಿಸಿರಲಿಲ್ಲ. ಡ್ಯಾನಿ ಎಲ್ಫ್‌ಮನ್ ಸಂಗೀತ, ಬ್ಯಾಂಕ್ ದರೋಡೆ, ಮಾಳಿಗೆ ಮೇಲೆ ಎರಡು ಬಿಳಿ ಕಣ್ಣು, ಮಿಂಚು. ಅಷ್ಟೇ. ಹೆಸರು ಬರೆಯೋ ಅವಶ್ಯಕತೆಯೇ ಅವರಿಗೆ ಕಾಣಲಿಲ್ಲ.

ಆದರೆ ಚಿತ್ರ ಸರಿ ಕಾಣಲಿಲ್ಲ. ಬ್ಯಾಟ್‌ಮ್ಯಾನ್ ಮೇಲಂಗಿ ಬೀಸಿದರೆ ತುಪ್ಪದ ಮೇಲೆ ಜಾರಿದ ಹಾಗೆ. ಎರಡು ದಿನ ಡಿಸ್ಕನ್ನೇ ಬೈದೆ. ತಪ್ಪು ಟೀವಿಯದು. ಇದು ಕೈಯಲ್ಲಿ ಬರೆದ ಚಿತ್ರ; ಸೆಕೆಂಡಿಗೆ 24 ಚೌಕಟ್ಟು ಓಡಿದರೂ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿರುತ್ತಾರೆ. ಈಗಿನ ಟೀವಿಗಳು ನಡುವೆ ಮೂಗು ತೂರಿಸಿ, ಇಲ್ಲದ ಚಿತ್ರಗಳನ್ನು ತಾವೇ ಹುಟ್ಟಿಸಿ ತುಂಬುತ್ತವೆ. ಕ್ರಿಕೆಟ್‌ಗೆ ಸರಿ, ಇದಕ್ಕೆ ವಿಷ. ಅದನ್ನು ಆರಿಸಿದೆ. 'ವಿವಿಡ್' ತೆಗೆದು 'ಸಿನಿಮಾ' ಹಾಕಿದೆ. ಶಾರ್ಪ್‌ನೆಸ್ ಸೊನ್ನೆ ಹತ್ತಿರಕ್ಕೆ ಇಳಿಸಿದೆ. ಚಿತ್ರದ ಅಳತೆ 4:3, ಎಡಬಲಕ್ಕೆ ಕಪ್ಪು ಪಟ್ಟಿ ಇರಲಿ, ಯಾರೂ ಎಳೆದು ಅಗಲ ಮಾಡಕೂಡದು. ಟೀವಿ ಹಿಂದೆ ಗೋಡೆಗೆ ಬೆಳಕು ಬೀಳೋ ಹಾಗೆ ಒಂದು ಜೀರೋ ಬಲ್ಬ್ ಸಿಕ್ಕಿಸಿದೆ, ಕತ್ತಲೆ ಕೋಣೆಯಲ್ಲಿ ಕಣ್ಣು ನೋಯಬಾರದು ಅಂತ.

ಆಮೇಲೆ ಕಪ್ಪು ಕಂಡಿತು. ಮೊದಲ ಸಲ.

ಈ ಕಪ್ಪಿನ ಕಥೆ ಹೇಳಲೇಬೇಕು. ಧಾರಾವಾಹಿಯನ್ನು ರೂಪಿಸಿದವರು ಬ್ರೂಸ್ ಟಿಮ್ ಮತ್ತು ಎರಿಕ್ ರಾಡೋಮ್‌ಸ್ಕಿ. ಕಾರ್ಟೂನಿನ ಹಿನ್ನೆಲೆ ಚಿತ್ರವನ್ನು ಬಿಳಿ ಹಾಳೆ ಮೇಲೆ ಬರೆಯೋದು ರೂಢಿ. ರಾಡೋಮ್‌ಸ್ಕಿ ಕಪ್ಪು ಹಾಳೆ ಹಿಡಿದರು. ಬಿಳಿ ಹಾಳೆಯಲ್ಲಿ ರಾತ್ರಿ ಬರೆಯಬೇಕಾದರೆ ಕತ್ತಲೆಯನ್ನು ಬಳಿಯಬೇಕು. ಕಪ್ಪು ಹಾಳೆಯಲ್ಲಿ ಕತ್ತಲೆ ಮೊದಲೇ ಇದೆ, ಬೆಳಕು ಎಲ್ಲಿ ಬೇಕೋ ಅಲ್ಲಿ ಇಟ್ಟರಾಯಿತು. ಕರಿಹಲಗೆ ಮೇಲೆ ಸೀಮೆಸುಣ್ಣ ಇಟ್ಟ ಹಾಗೆ. 1ನೇ ಕಂತಿನ ಕೊನೆಯಲ್ಲಿ ಮ್ಯಾನ್-ಬ್ಯಾಟ್ ಅನ್ನೋ ಬಾವಲಿಮನುಷ್ಯ ಬ್ಯಾಟ್‌ಮ್ಯಾನನ್ನು ಹಗ್ಗದ ಸಮೇತ ಊರ ಮೇಲೆ ಎಳೆದುಕೊಂಡು ಹಾರುವಾಗ ಚಿತ್ರ ನಿಲ್ಲಿಸಿ ನೋಡಿದೆ. ಒಂದು ಕಟ್ಟಡಕ್ಕೂ ಪೂರ್ತಿ ಗೆರೆ ಇಲ್ಲ. ಎರಡು ಅಂಚು, ನಾಲ್ಕು ಕಿಟಕಿ, ಮಿಕ್ಕಿದ್ದು ಹಾಳೆ.

ಅಂದರೆ ಅಪ್ಪ ಬಲಕ್ಕೆ ತಿರುಗಿಸುತ್ತಿದ್ದದ್ದು ಆ ಹಾಳೆಯನ್ನೇ.

2ರಿಂದ 13

ಬೇಗ ದಾಟಿಬಿಡ್ತೀನಿ, ಯಾಕಂದರೆ ಇವುಗಳಲ್ಲಿ ಒಂದು ನಾಲ್ಕೈದು ಮಕ್ಕಳಿಗೆ ಮಾತ್ರ. 13ನೇದು, ಮಕ್ಕಳು ಬ್ಯಾಟ್‌ಮ್ಯಾನನ್ನು ನೆಲಮಾಳಿಗೆಯಲ್ಲಿ ಬಚ್ಚಿಡೋ ಕಥೆ, ನನಗೆ ಆಕಳಿಕೆ. ಮಗಳಿಗೆ ಇವತ್ತಿಗೂ ಅದೇ ನಂಬರ್ ಒನ್. 10ನೇ ಕಂತು, ಹಾರ್ವಿ ಡೆಂಟ್ ಎರಡು ಮುಖದವನಾಗೋದು, ಮಾತ್ರ ಮತ್ತೆ ನೋಡಿದೆ.

ಬ್ಯಾಟ್‌ಮ್ಯಾನ್‌ಗೂ, ವೇಷ ಕಳಚಿದಾಗಿನ ಬ್ರೂಸ್ ವೇಯ್ನ್‌ಗೂ ಧ್ವನಿ ಕೊಟ್ಟ ಕೆವಿನ್ ಕಾನ್ರಾಯ್ ಬಗ್ಗೆ ಒಂದು ಪರೀಕ್ಷೆ ಮಾಡಿದೆ. ಕಣ್ಣು ಮುಚ್ಚಿಕೊಂಡು ಕೇಳೋದು, ಮಾತಾಡ್ತಿರೋದು ಶ್ರೀಮಂತ ಬ್ರೂಸ್ ವೇಯ್ನೋ ಬ್ಯಾಟ್‌ಮ್ಯಾನೋ ಅಂತ ಹೇಳೋದು. ಮಗಳು ಹತ್ತಕ್ಕೆ ಹತ್ತು. ಒಂದೇ ಗಂಟಲು, ಎರಡು ಮನುಷ್ಯರು. ಕಾನ್ರಾಯ್ 2022ರ ನವೆಂಬರ್‌ನಲ್ಲಿ ತೀರಿಕೊಂಡರು.

14: 'ಹಾರ್ಟ್ ಆಫ್ ಐಸ್'

ನೋಟ್‌ಬುಕ್ಕಿನ ನಿಯಮ ಇಲ್ಲಿ ಮುರಿದುಬಿತ್ತು, ಎರಡು ಪುಟ ತುಂಬಿದೆ. ಪಾಲ್ ಡೀನಿ ಬರೆದು ಬ್ರೂಸ್ ಟಿಮ್ ನಿರ್ದೇಶಿಸಿದ ಕಂತು. ಬರವಣಿಗೆಗೆ ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿ ಬಂತು. ಮಿಸ್ಟರ್ ಫ್ರೀಜ್ ಅನ್ನೋ ಖಳನ ಹೆಂಡತಿ ವಾಸಿಯಾಗದ ಕಾಯಿಲೆಯವಳು. ಔಷಧ ಸಿಗೋವರೆಗೂ ಇರಲಿ ಅಂತ ಅವಳನ್ನು ಹಿಮದಲ್ಲಿ ಇಟ್ಟಿರುತ್ತಾನೆ. ಖರ್ಚು ಜಾಸ್ತಿ ಅಂತ ಕಂಪನಿ ಯಜಮಾನ ಅದನ್ನು ನಿಲ್ಲಿಸಲು ಹೊರಡುತ್ತಾನೆ. ಅಲ್ಲಿಂದ ಮುಂದೆ ಖಳ ಯಾರು ಅಂತ ಮಗಳಿಗೂ ಗೊತ್ತಾಗಲಿಲ್ಲ, ನನಗೂ.

ಆದರೆ ನಾನು ಬರೆದುಕೊಂಡದ್ದು ಫ್ಲಾಸ್ಕಿನ ವಿಷಯ. ಬ್ರೂಸ್ ವೇಯ್ನ್‌ಗೆ ನೆಗಡಿ. ಅವನ ಮನೆಯ ಬಟ್ಲರ್ ಆಲ್ಫ್ರೆಡ್ ಬಿಸಿ ಕೋಳಿ ಸೂಪ್ ತುಂಬಿಸಿ ಕೊಟ್ಟಿರುತ್ತಾನೆ. ಕೊನೇ ಜಗಳದಲ್ಲಿ ಎಲ್ಲ ಆಯುಧ ಮುಗಿದ ಮೇಲೆ ಬ್ಯಾಟ್‌ಮ್ಯಾನ್ ಆ ಫ್ಲಾಸ್ಕನ್ನೇ ಫ್ರೀಜನ ಗಾಜಿನ ಶಿರಸ್ತ್ರಾಣಕ್ಕೆ ಅಪ್ಪಳಿಸುತ್ತಾನೆ. ಹೆಪ್ಪುಗಟ್ಟಿದ ಗಾಜಿಗೆ ಬಿಸಿ ಬಿದ್ದರೆ? ಟಪ್! ತಣ್ಣನೆ ಗಾಜಿನ ಲೋಟಕ್ಕೆ ಕುದಿಯೋ ಕಾಫಿ ಸುರಿದು ಬೈಸಿಕೊಂಡ ಯಾರಿಗೂ ಇದರ ವಿಜ್ಞಾನ ಹೇಳಿಕೊಡಬೇಕಿಲ್ಲ. "ನಮ್ಮನೇಲಾದ್ರೆ ಮೆಣಸಿನ ಸಾರು" ಅಂದಳು ನನ್ನ ಹೆಂಡತಿ, ಸೊಪ್ಪು ಬಿಡಿಸುತ್ತಾ.

ಇನ್ನೊಂದು. ಆ ಕಟುಕ ಯಜಮಾನನ ಪಾತ್ರಕ್ಕೆ ಧ್ವನಿ ಕೊಟ್ಟವರು ಮಾರ್ಕ್ ಹ್ಯಾಮಿಲ್. ಜೋಕರ್ ಪಾತ್ರ ಮೊದಲು ಟಿಮ್ ಕರಿ ಕೈಯಲ್ಲಿತ್ತು. ಆಮೇಲೆ ಅದು ಹ್ಯಾಮಿಲ್‌ಗೆ ಬಂತು. ಸೂಟು ಹಾಕಿಕೊಂಡು ನಗೋ ಈ ಯಜಮಾನನ ಮಾತನ್ನು ಜೋಕರನ ಪಕ್ಕ ಇಟ್ಟು ಕೇಳಿ, ಮೈ ಜುಮ್ಮೆನ್ನುತ್ತೆ.

20–21: ಎರಡು ಕೈ, ಒಂದು ಕಥೆ

ಚಿಕ್ಕಂದಿನಲ್ಲಿ ಕೆಲವು ಕಂತು ಯಾಕೆ ಸಪ್ಪೆ ಅನ್ನೋದಕ್ಕೆ ಉತ್ತರ ನೋಟ್‌ಬುಕ್ಕಿನ ಎರಡನೇ ಕಾಲಮ್ಮಿನಲ್ಲಿ ಸಿಕ್ಕಿತು. ಕಥೆ, ವಿನ್ಯಾಸ, ಧ್ವನಿ ಅಮೆರಿಕದಲ್ಲಿ; ಚಲಿಸುವ ಚಿತ್ರ ಬರೆಯೋ ಕೂಲಿ ಜಪಾನ್, ಕೊರಿಯಾ ಕಡೆಯ ಬೇರೆ ಬೇರೆ ಸ್ಟುಡಿಯೊಗಳಿಗೆ. 'ಫೀಟ್ ಆಫ್ ಕ್ಲೇ' ಎರಡು ಭಾಗದ ಕಥೆ. ಮೊದಲ ಭಾಗ ಕೊರಿಯಾದ ಅಕೋಮ್, ಎರಡನೇದು ಟೋಕಿಯೊದ ಟಿಎಂಎಸ್. ಒಂದರ ಹಿಂದೆ ಒಂದು ನೋಡಿದರೆ ಬೇಳೆ ಸಾರಿಂದ ಒಬ್ಬಟ್ಟಿನ ಸಾರಿಗೆ ಹೋದ ಹಾಗೆ.

ಎರಡನೇ ಭಾಗದ ಕೊನೆಯಲ್ಲಿ ಮಣ್ಣಿನ ಮೈಯವನಾದ ನಟ ಮ್ಯಾಟ್ ಹೇಗನ್‌ಗೆ ಬ್ಯಾಟ್‌ಮ್ಯಾನ್ ಅವನದೇ ಹಳೇ ಪಾತ್ರಗಳನ್ನು ಸಾಲು ಟೀವಿಗಳಲ್ಲಿ ತೋರಿಸುತ್ತಾನೆ. ನೋಡಿದ ಮುಖವೆಲ್ಲ ಅವನ ಮೈಮೇಲೆ ಬರುತ್ತಾ ಹೋಗುತ್ತೆ, ಹಿಡಿತ ತಪ್ಪುತ್ತೆ. ರಿಮೋಟಿನಲ್ಲಿ ಒಂದೊಂದೇ ಚೌಕಟ್ಟು ಮುಂದೆ ತಳ್ಳಿ ನೋಡಿದೆ. ಒಂದು ಗಲ್ಲ ಕರಗುವ ಮೊದಲೇ ಇನ್ನೊಂದು ಮೂಗು ಮೊಳೆಯುತ್ತೆ. ಇದನ್ನೆಲ್ಲ ಯಾರೋ ಪೆನ್ಸಿಲ್ ಹಿಡಿದು, ಅಳಿಸಿ, ಮತ್ತೆ ಬರೆದದ್ದು. ಬ್ಲೂ-ರೇಗೆ ಫಿಲ್ಮನ್ನು ಮತ್ತೆ ಶುಚಿ ಮಾಡಿ 1080 ಗೆರೆಗಳಿಗೆ ತಂದಿದ್ದಾರೆ. ನನ್ನ ಡಿವಿಡಿಯಲ್ಲಿ ಇದೇ ಜಾಗದಲ್ಲಿ ಚುಕ್ಕೆ, ಗೀರು, ಧೂಳಿನ ಜಾತ್ರೆ. ಆದರೂ ಡಿವಿಡಿ ಎಸೆದಿಲ್ಲ. ಐವತ್ತು ರೂಪಾಯಿ ಕೊಟ್ಟು ಬೀಗ ತೆಗೆಸಿದ್ದು.

ಅಕೋಮ್‌ನವರಿಗೆ ಅನ್ಯಾಯ ಮಾಡ್ತಿದ್ದೀನೇನೋ. ಅವರಿಗೆ ಎಷ್ಟು ದಿನ ಕೊಟ್ಟಿದ್ದರೋ, ಎಷ್ಟು ಕಾಸು ಕೊಟ್ಟಿದ್ದರೋ.

32: ಹಗ್ಗ

ನಡುವೆ ಒಂದು ವಾರ ಕೆಲಸ ನಿಂತಿತ್ತು. ಒಂದು ಡಿಸ್ಕ್ ಅರ್ಧಕ್ಕೇ ಅಳಲು ಶುರುಮಾಡಿತು. ತಿರುಗಿಸಿ ನೋಡಿದರೆ ಚಕ್ಕುಲಿ ಎಣ್ಣೆಯ ಬೆರಳಚ್ಚು, ಸೈಜು ಒಂಬತ್ತು ವರ್ಷದ್ದು. ಹತ್ತಿಬಟ್ಟೆಯಲ್ಲಿ ನಡುವಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ಉಜ್ಜಬಾರದು. ಸರಿಹೋಯ್ತು.

'ರಾಬಿನ್ಸ್ ರೆಕನಿಂಗ್' ಮೊದಲ ಭಾಗ, ಇದಕ್ಕೂ ಎಮ್ಮಿ ಬಂದಿದೆ. ಸರ್ಕಸ್‌ನಲ್ಲಿ, ಮುಂದೆ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗೋ ಪುಟ್ಟ ಡಿಕ್‌ನ ಅಪ್ಪ ಅಮ್ಮ ಉಯ್ಯಾಲೆಯಿಂದ ಬೀಳೋದನ್ನು ತೋರಿಸೋದಿಲ್ಲ. ಹರಿದ ಹಗ್ಗ ಮಾತ್ರ ಖಾಲಿಯಾಗಿ ತೂಗಿಕೊಂಡು ವಾಪಸ್ ಬರುತ್ತೆ. ಮಗಳು ನನ್ನ ಕೈ ಹಿಡಿದುಕೊಂಡಳು, ಏನೂ ಕೇಳಲಿಲ್ಲ. ಆಗ ಸಂಗೀತದ ಕಡೆ ಕಿವಿ ಹೋಯಿತು. ಈ ಧಾರಾವಾಹಿಯಲ್ಲಿ ಕಂತು ಕಂತಿಗೂ ವಾದ್ಯವೃಂದ ಕೂರಿಸಿ ಹೊಸದಾಗಿ ನುಡಿಸಿದ್ದಾರೆ, ಶರ್ಲಿ ವಾಕರ್ ಮುಂದಾಳತ್ವದಲ್ಲಿ. ಇಪ್ಪತ್ತೆರಡು ನಿಮಿಷದ ಕಾರ್ಟೂನಿಗೆ!

ಮತ್ತೆ 18

ಅಪ್ಪ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಬಂದರು. ಮೊದಲ ಕೆಲವು ದಿನ ಕಪ್ಪು ಕನ್ನಡಕ, ರೇಡಿಯೊ. ಆಮೇಲೆ ಡಾಕ್ಟರು ಟೀವಿ ನೋಡಬಹುದು ಅಂದರು. 'ತಾತಂಗೆ ಆಟದ ಕಾರಿನದ್ದು ಹಾಕು' ಅಂತ ಮಗಳ ಹಟ. ಅಂದರೆ 18ನೇ ಕಂತು, 'ಬಿವೇರ್ ದ ಗ್ರೇ ಘೋಸ್ಟ್'.

ಸೈಮನ್ ಟ್ರೆಂಟ್ ಅನ್ನೋ ಮುದಿ ನಟ. ಹಿಂದೆ ಟೀವಿಯಲ್ಲಿ ಗ್ರೇ ಘೋಸ್ಟ್ ಅನ್ನೋ ವೀರನ ಪಾತ್ರ ಮಾಡಿ ಹೆಸರಾಗಿದ್ದವನಿಗೆ ಈಗ ಬೇರೆ ಯಾವ ಪಾತ್ರವೂ ಸಿಗೋದಿಲ್ಲ. ಬಾಡಿಗೆ ಕಟ್ಟಲು ತನ್ನ ಹಳೇ ಸಾಮಾನೆಲ್ಲ ಮಾರಿಕೊಂಡಿದ್ದಾನೆ. ಧ್ವನಿ ಆಡಮ್ ವೆಸ್ಟ್ ಅವರದು, 1966ರಿಂದ 68ರವರೆಗೆ 120 ಕಂತಿನಲ್ಲಿ ಬ್ಯಾಟ್‌ಮ್ಯಾನ್ ಆಗಿ, ಆಮೇಲೆ ಆ ವೇಷ ಕಳಚಲಾರದೆ ಒದ್ದಾಡಿದವರು. ಅಪ್ಪನಿಗೆ ಇದೆಲ್ಲ ಹೇಳಲು ಹೊರಟೆ. ಅವರಿಗೆ ಬೇಕಾಗಿರಲಿಲ್ಲ. "ಕಂಪನಿ ನಾಟಕದಲ್ಲಿ ರಾಜಾಪಾರ್ಟ್ ಮಾಡ್ತಿದ್ದೋರೂ ಹಿಂಗೇ ಕಣೋ. ಕಂಪನಿ ಮುಚ್ಚಿದ್ಮೇಲೆ ಒಬ್ರು ನಮ್ಮ ಸಂತೇಲಿ ಬೀಡಿ ಮಾರ್ತಿದ್ರು. ಮಾರೋವಾಗ್ಲೂ ಮಾತು ಮಾತ್ರ ರಾಜಂದೇ" ಅಂದರು.

ಕಂತಿನ ಕೊನೆಯಲ್ಲಿ ಆ ಹಳೇ ಧಾರಾವಾಹಿ ವಿಡಿಯೊ ಕ್ಯಾಸೆಟ್ಟಾಗಿ ಅಂಗಡಿಗೆ ಬರುತ್ತೆ. ಬ್ರೂಸ್ ವೇಯ್ನ್ ಸಾಲಿನಲ್ಲಿ ನಿಂತು ಒಂದು ಕೊಂಡು ಟ್ರೆಂಟ್‌ನ ಸಹಿ ಕೇಳುತ್ತಾನೆ; ಚಿಕ್ಕಂದಿನಲ್ಲಿ ಅಪ್ಪನ ಜೊತೆ ಇದನ್ನು ನೋಡುತ್ತಿದ್ದೆ ಅನ್ನುತ್ತಾನೆ. ನಾನು ಅಪ್ಪನ ಕಡೆ ನೋಡಲಿಲ್ಲ. ಆದರೆ ಅವರು ರಿಮೋಟ್ ಕಡೆ ಕೈ ಚಾಚಿದ್ದು ಕಂಡಿತು. ಬಂತು ಬ್ರೈಟ್‌ನೆಸ್ ಅಂದುಕೊಂಡೆ. ರಿಮೋಟ್ ಪಕ್ಕಕ್ಕೆ ಸರಿಸಿ, ಅದರ ಹಿಂದಿದ್ದ ನೀರಿನ ಲೋಟ ತೆಗೆದುಕೊಂಡರು.

"ಆ ಹಿಂದಗಡೆ ಬಲ್ಬ್ ಯಾಕೋ? ಕಣ್ಣಿಗೆ ಚುಚ್ಚುತ್ತೆ. ಆರ್ಸು."

ಆರಿಸಿದೆ. ನೋಟ್‌ಬುಕ್ಕಿನಲ್ಲಿ 18ರ ಎದುರು ಎರಡನೇ ಟಿಕ್ ಹಾಕಿದೆ, ಬಲ್ಬ್ ಇಲ್ಲದೆ ಅಂತ ಬರೆದೆ. ನಾಳೆ 34, 'ದಿ ಲಾಫಿಂಗ್ ಫಿಶ್'. ಜೋಕರ್ ಕಂತು, ಅಪ್ಪನೂ ಕೂರ್ತಾರಂತೆ. 36 ಮತ್ತೆ ಅಕೋಮ್. ಅಷ್ಟರಲ್ಲಿ ಅಪ್ಪ ಊರಿಗೆ ಹೊರಟಿರ್ತಾರೆ, ಬಚಾವ್.