ಹನ್ನೆರಡು ಬಾರ್, ಆರು ಆವರ್ತ

ಹೊಸ ಬ್ಲೂಸ್ ಧ್ವನಿಮುದ್ರಿಕೆಯೊಂದನ್ನು ಹಾಕಿಕೊಂಡು ಕುಳಿತರೆ ನನ್ನ ಬಲಗೈ ತಾನಾಗಿಯೇ ತೊಡೆಯ ಮೇಲೆ ಎಂಟೆಣಿಕೆಯ ಆದಿತಾಳ ಹಾಕತೊಡಗುತ್ತದೆ. ಚಿಕ್ಕಂದಿನಲ್ಲಿ ಸಂಗೀತ ಕಚೇರಿಗಳಲ್ಲಿ ಅಪ್ಪನ ಪಕ್ಕ ಕುಳಿತು ಅಂಟಿಸಿಕೊಂಡ ಈ ಚಾಳಿಯನ್ನು ಜಾಝ್, ಬ್ಲೂಸ್ ಕೇಳುವಾಗ ಬಹಳ ಕಾಲ ಹತ್ತಿಕ್ಕಿಕೊಂಡಿದ್ದೆ. ಆಫ್ರಿಕನ್ ಅಮೆರಿಕನ್ನರಲ್ಲಿ ಹುಟ್ಟಿದ ಆ ಸಂಗೀತವನ್ನು ಅವರ ಲೆಕ್ಕದಲ್ಲೇ ಕೇಳಬೇಕೆಂಬ ಬಿಗುಮಾನ ಅದರ ಹಿಂದಿತ್ತು. ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇನ್‌ಗ್ರಾಮ್ ಅವರ ‘662’ ಕೇಳತೊಡಗಿದ ಮೇಲೆ ಅದನ್ನು ಬಿಟ್ಟುಬಿಟ್ಟೆ.

1999ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಹುಟ್ಟಿದ ಈ ಗಿಟಾರ್ ವಾದಕನ ‘662’ 2021ರಲ್ಲಿ ಬಿಡುಗಡೆಯಾಗಿ ಮರುವರ್ಷ ಗ್ರ್ಯಾಮಿ ಪಡೆಯಿತು. ಆ ಅಂಕಿ ಉತ್ತರ ಮಿಸಿಸಿಪ್ಪಿಯ ದೂರವಾಣಿ ಸಂಕೇತ. ಬೆಂಗಳೂರಿನವರೊಬ್ಬರು ತಮ್ಮ ಆಲ್ಬಮ್ಮಿಗೆ ‘080’ ಎಂದು ಹೆಸರಿಟ್ಟ ಹಾಗೆ. ಇದರ ಹಾಡುಗಳೆಲ್ಲ ಒಂದೇ ಅಚ್ಚಿನವಲ್ಲ, ಆದರೆ ಅವುಗಳ ಬೆನ್ನಿಗಿರುವುದು ಬ್ಲೂಸಿನ ಹಳೆಯ ಹನ್ನೆರಡು ಬಾರ್‌ಗಳ ಕಟ್ಟು. (ಬಾರ್ ಎಂದರೆ ಇಲ್ಲಿ ತಾಳದ ಒಂದು ಖಂಡ, ನಮ್ಮ ಬೀದಿಯ ಕೊನೆಯಲ್ಲಿರುವುದಲ್ಲ.) ಒಂದು ಬಾರ್‌ಗೆ ನಾಲ್ಕು ಅಕ್ಷರದಂತೆ (ಅಕ್ಷರವೆಂದರೆ ತಾಳದ ಒಂದು ಎಣಿಕೆ) ಹನ್ನೆರಡು ಬಾರ್‌ಗೆ 48 ಅಕ್ಷರ, ಅಂದರೆ ಆದಿತಾಳದ ಸರಿಯಾಗಿ ಆರು ಆವರ್ತ, ಆರು ಸುತ್ತು. ಮೊದಲ ಎರಡು ಆವರ್ತ ಷಡ್ಜದ ಮೇಲೆ ಕಟ್ಟಿದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ನಿಲ್ಲುತ್ತದೆ, ಮೂರನೆಯದು ಮಧ್ಯಮದ್ದು, ನಾಲ್ಕನೆಯದರಲ್ಲಿ ಮತ್ತೆ ಷಡ್ಜ, ಐದನೆಯದರ ಲಘುವಿನಲ್ಲಿ, ಅಂದರೆ ಮೊದಲ ನಾಲ್ಕು ಅಕ್ಷರಗಳಲ್ಲಿ ಪಂಚಮ, ಉಳಿದ ನಾಲ್ಕರ ಎರಡು ದ್ರುತಗಳಲ್ಲಿ ಮಧ್ಯಮ, ಆರನೆಯದರಲ್ಲಿ ಪುನಃ ಷಡ್ಜಕ್ಕೆ ಬಂದು ಸೇರುತ್ತದೆ. ಕೆಲವರು ಇದನ್ನು ಅಲ್ಲಲ್ಲಿ ತಿರುಚುತ್ತಾರಾದರೂ, ಒಮ್ಮೆ ಈ ನಕ್ಷೆ ಕೈಗೆ ಕುಳಿತಿತೆಂದರೆ ಐದನೆಯ ಆವರ್ತದ ಲಘು ಬಂದಾಗ ಏನೋ ಏರುತ್ತಿದೆಯೆಂದು ಕಿವಿಗಿಂತ ಮೊದಲೇ ಬೆರಳಿಗೆ ತಿಳಿಯುತ್ತದೆ.

ಕೈಯನ್ನು ದಾರಿ ತಪ್ಪಿಸುವುದು ಡ್ರಮ್ಮು. ಸ್ನೇರ್ ಡ್ರಮ್ಮಿನ ಗಟ್ಟಿ ಏಟು ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಅಕ್ಷರಕ್ಕೆ ಬೀಳುವುದರಿಂದ, ನಾವು ಕಿರುಬೆರಳನ್ನೂ ನಡುಬೆರಳನ್ನೂ ಮುಟ್ಟುವಲ್ಲಿ, ದ್ರುತದಲ್ಲಿ ಅಂಗೈ ತಿರುಗಿಸಿ ಹುಸಿ ಹಾಕುವಲ್ಲಿ, ಅವರು ಹೊಡೆಯುತ್ತಾರೆ. ನಮ್ಮ ಹುಸಿಯ ಮೇಲೆ ಅವರ ಪೆಟ್ಟು! ಇದು ಮೊದಮೊದಲು ಕಸಿವಿಸಿ ಉಂಟುಮಾಡಿದರೂ, ತಾಳವನ್ನು ಸಡಿಲಗೊಳಿಸದೆ ಹಾಕುತ್ತಲೇ ಹೋದರೆ ಆ ಎಳೆದಾಟದಲ್ಲೇ ಬ್ಲೂಸಿನ ಓಲಾಟವಿದೆಯೆಂಬುದು ಗೊತ್ತಾಗುತ್ತದೆ. ಷಫಲ್ ಎನ್ನುವ ನಡೆಯಂತೂ ತಿಶ್ರದ ಮೂರು ಮಾತ್ರೆಗಳಲ್ಲಿ ನಡುವಿನದನ್ನು ನುಂಗಿ ಮೊದಲನೆಯದನ್ನೂ ಮೂರನೆಯದನ್ನೂ ಮಾತ್ರ ನುಡಿಸಿದ ಹಾಗೆ. ಇನ್ನು ಗಿಟಾರಿನ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ಹುಟ್ಟುವ ಗಾಂಧಾರ ಕೆಳಗಿನ ಸಾಧಾರಣ ಗಾಂಧಾರವೂ ಅಲ್ಲ, ಮೇಲಿನ ಅಂತರ ಗಾಂಧಾರವೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತು ನರಳುತ್ತದೆ. ಸ್ವರವನ್ನು ಓಲಾಡಿಸುವ ಗಮಕ ಕೇಳಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಇದೇ ಎಳೆತವನ್ನು ಹಿರಿಯ ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಅವರಲ್ಲಿ ಕೇಳಿ ನೋಡಬೇಕು. 1936ರಲ್ಲಿ ಹುಟ್ಟಿದ ಅವರು ತಮ್ಮ 89ನೆಯ ಹುಟ್ಟುಹಬ್ಬದ ದಿನ, 2025ರ ಜುಲೈ 30ರಂದು, ‘ಏಂಟ್ ಡನ್ ವಿತ್ ದ ಬ್ಲೂಸ್’ ಹೊರತಂದರು. ಬ್ಲೂಸ್ ಜೊತೆಗಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವೆಂಬ ಧಾಟಿಯ ಹೆಸರು.

ಜಾಝ್‌ಗೆ ಬಂದರೆ ನನ್ನ ತಾಳದ ಕೈ ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ. ರುದ್ರೇಶ್ ಮಹಾಂತಪ್ಪ ಅವರ ‘ಹೀರೋ ಟ್ರಿಯೋ’ (2020) ದಲ್ಲಿರುವುದು ಅವರದೇ ಆಲ್ಟೋ ಸ್ಯಾಕ್ಸೋಫೋನ್, ಫ್ರಾನ್ಸ್ವಾ ಮೂತಾನರ ಬಾಸ್, ರೂಡಿ ರಾಯ್ಸ್ಟನ್‌ರ ಡ್ರಮ್ಮು, ಅಷ್ಟೇ. ಕಾರ್ಡ್ ಹಿಡಿದು ದಾರಿ ತೋರಿಸಲು ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಇದರಲ್ಲಿರುವ, ಹಿಂದಿನ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರರ ‘ರೆಡ್ ಕ್ರಾಸ್’ ಮೂವತ್ತೆರಡು ಬಾರ್‌ಗಳ ರಚನೆ: ಒಂದು ಮಾತನ್ನು ಎರಡು ಸಲ ಹೇಳಿ, ನಡುವೆ ಬೇರೊಂದು ಮಾತಾಡಿ, ಮತ್ತೆ ಮೊದಲಿನದಕ್ಕೆ ಮರಳುವುದು. ಲೆಕ್ಕಕ್ಕೆ ಹದಿನಾರು ಆವರ್ತವಾಯಿತು, ಆದರೆ ಆ ವೇಗದಲ್ಲಿ ಬೆರಳು ಎಣಿಸಲು ಹೋದರೆ ಕೇಳುವುದೇ ತಪ್ಪಿಹೋಗುತ್ತದೆ. ಹಾಗಾಗಿ ನಾನು ಮೊದಲ ಸಲ ಬಾಸನ್ನು ಮಾತ್ರ ಹಿಂಬಾಲಿಸುತ್ತೇನೆ. ಎರಡನೆಯ ಸಲವಷ್ಟೇ ಸ್ಯಾಕ್ಸೋಫೋನಿಗೆ ಕಿವಿಗೊಡುತ್ತೇನೆ. ಕಚೇರಿಯಲ್ಲಿ ಗಾಯಕರನ್ನು ಬಿಟ್ಟು ಮೃದಂಗದವರನ್ನೇ ನೋಡುತ್ತ ಕೂರುವ ಕೆಲವರಿರುತ್ತಾರಲ್ಲ, ಅವರ ಪದ್ಧತಿ ಇದು.

ಫ್ಯೂಷನ್ ಬಗ್ಗೆ ನನಗೆ ಹಳೆಯ ಗುಮಾನಿ ಇದೆ. ಎರಡು ಸಂಗೀತಗಳು ಸರದಿಯಂತೆ ನುಡಿದು ಕೊನೆಯಲ್ಲಿ ಒಟ್ಟಿಗೆ ಗದ್ದಲ ಎಬ್ಬಿಸುವುದನ್ನೇ ಮಿಲನವೆಂದು ಮಾರುವ ಮುದ್ರಿಕೆಗಳು ಸಾಕಷ್ಟಿವೆ. ಶಕ್ತಿ ತಂಡದ ‘ದಿಸ್ ಮೊಮೆಂಟ್’ (2023) ಆ ಸಾಲಿನದಲ್ಲ. ಮ್ಯಾಂಡೊಲಿನ್ ಯು. ಶ್ರೀನಿವಾಸರ ನೆನಪಿನ ‘ಶ್ರೀನೀಸ್ ಡ್ರೀಮ್’ನಿಂದ ಮೊದಲಾಗಿ ಇದರಲ್ಲಿ ಲಯದ ಮಾತುಕತೆ ಬಿಗಿಯಾಗಿದೆ, ಸೆಲ್ವಗಣೇಶರ ಕಂಜಿರವೂ ಜಾಕಿರ್ ಹುಸೇನರ ತಬಲವೂ ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತವೆ. ಆದರೆ ಜಾನ್ ಮೆಕ್‌ಲಾಕ್ಲಿನ್‌ರ ಗಿಟಾರ್ ಸಿಂಥ್‌ನ (ಎಲೆಕ್ಟ್ರಾನಿಕ್ ಧ್ವನಿ ಹೊಮ್ಮಿಸುವ ಗಿಟಾರ್) ನಯ ನನಗೆ ಪೂರ್ತಿ ಒಗ್ಗಲಿಲ್ಲ. ಅವರು 1975ರಲ್ಲಿ ಇದೇ ಹೆಸರಿನ ಮೊದಲ ತಂಡದೊಂದಿಗೆ ವೇದಿಕೆಯಲ್ಲಿ ನುಡಿಸಿದ ಅಕೂಸ್ಟಿಕ್ ಗಿಟಾರಿನ ಒರಟು ಧ್ವನಿಯೇ ನನಗೆ ಹೆಚ್ಚು. 2024ರ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡ ಮೇಲೆ ಈ ದೂರನ್ನು ಎತ್ತಲು ಸಂಕೋಚವಾಗುತ್ತದೆ, ಆದರೂ ಕಿವಿ ಹೇಳುವುದನ್ನು ಬರೆಯದೆ ವಿಧಿಯಿಲ್ಲ.

ಫ್ಯೂಷನ್‌ಗೆ ನನ್ನ ಅಳತೆಗೋಲು 2008ರ ‘ಕಿನ್ಸ್‌ಮೆನ್’. ರುದ್ರೇಶರ ಆಲ್ಟೋ ಒಂದು ಕಡೆ, ನಮ್ಮ ಕದ್ರಿ ಗೋಪಾಲನಾಥರ ಆಲ್ಟೋ ಇನ್ನೊಂದು ಕಡೆ. ಹೊಸದು ಕೇಳಿದಾಗಲೆಲ್ಲ ಇದನ್ನು ಮತ್ತೊಮ್ಮೆ ಹಾಕುತ್ತೇನೆ. ಜಾಝ್ ಎಂದರೆ “ತಂಬೂರಿಯೇ ಇಲ್ವಲ್ಲೋ ಇದಕ್ಕೆ” ಎಂದು ಎದ್ದುಹೋಗುವ ಅಪ್ಪ, ಕಳೆದ ಸಲ ಇದಕ್ಕೆ ಕುರ್ಚಿ ಬಿಟ್ಟು ಏಳಲಿಲ್ಲ. ಎರಡು ಸ್ಯಾಕ್ಸೋಫೋನುಗಳು ಹೆಣೆದುಕೊಂಡಲ್ಲೆಲ್ಲ, ಕದ್ರಿಯವರು ಬಂದಾಗ ಮಾತ್ರ ತೋರುಬೆರಳನ್ನು ಮೇಲೆತ್ತುತ್ತಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಬಗೆಯಲ್ಲೇ ಅವರಿಗೆ ಗುರುತು ಸಿಗುತ್ತಿತ್ತು. ಒಂದೇ ಒಂದು ಸಲ ತಪ್ಪಿದರು. ಅದು ಇನ್ನೊಬ್ಬರು ನುಡಿಸಿದ್ದೆಂದು ನಾನು ಹೇಳಿದಾಗ ಬೆರಳನ್ನು ಇಳಿಸದೆಯೇ “ಯಾರ ಮಗನೋ ಇವನು?” ಎಂದು ಕೇಳಿದರು. ಅಮೆರಿಕದಲ್ಲಿ ಬೆಳೆದವರು, ತಂದೆ ತಾಯಿ ನಮ್ಮ ಕಡೆಯವರೇ ಎಂದೆ. “ಹಾಗೆ ಹೇಳು, ಇನ್ನೊಂದ್ಸಲ ಹಾಕು,” ಎಂದರು.