ರಫ್ತಿನ ಮೌಸರ್ ಮೇಲೋ, ಜರ್ಮನ್ ಸೈನ್ಯದ ಮೌಸರ್ ಮೇಲೋ?

ಹಳೆಯ ರೈಫಲ್‌ಗಳ ಬಗ್ಗೆ ನಾನು ಬರೆಯತೊಡಗಿದಂದಿನಿಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಒಂದೇ ಕಾರ್ಖಾನೆಯ ರೈಫಲ್‌ಗಳಲ್ಲಿ ಸ್ವಂತ ಸೈನ್ಯಕ್ಕೆ ಕೊಟ್ಟದ್ದು ಉತ್ತಮವೋ, ಹೊರದೇಶಕ್ಕೆ ಮಾರಿದ್ದು ಉತ್ತಮವೋ? ಕೇಳುವವರ ಮನಸ್ಸಿನಲ್ಲಿ ಉತ್ತರ ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತದೆ. ಕಾಫಿಯಾಗಲಿ, ಗೋಡಂಬಿಯಾಗಲಿ, ಮೇಲ್ದರ್ಜೆಯ ಮಾಲೆಲ್ಲ ಹಡಗು ಹತ್ತುತ್ತದೆ, ಉಳಿದದ್ದು ನಮಗೆ ಎಂಬ ಮಾತನ್ನು ಕೇಳಿ ಬೆಳೆದವರು ರಫ್ತಿನದೇ ಉತ್ತಮವೆಂದು ನಂಬಿರುತ್ತಾರೆ. ಸೋವಿಯತ್ ಒಕ್ಕೂಟವು ತನ್ನ ಟ್ಯಾಂಕ್‌ಗಳನ್ನು ಶಕ್ತಿಗುಂದಿಸಿ ಹೊರದೇಶಗಳಿಗೆ ಮಾರುತ್ತಿದ್ದುದನ್ನು ಓದಿದವರು ಇದಕ್ಕೆ ತದ್ವಿರುದ್ಧವಾದುದನ್ನು ನಂಬಿರುತ್ತಾರೆ. ಪ್ರತಿ ಗುಂಡಿಗೂ ಬೋಲ್ಟ್ ಎಂಬ ಸರಳನ್ನು ಕೈಯಿಂದ ಹಿಂದೆಮುಂದೆ ಎಳೆಯಬೇಕಾದ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳ ಮಟ್ಟಿಗೆ ಈ ಎರಡೂ ನಂಬಿಕೆಗಳು ಸರಿಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ತೋರಿಸಲು ಜರ್ಮನಿಯ ಮೌಸರ್ ರೈಫಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ, ಏಕೆಂದರೆ ಅಷ್ಟು ದೇಶಗಳಿಗೆ, ಅಷ್ಟು ಬಗೆಗಳಲ್ಲಿ ಮಾರಾಟವಾದ ಬೇರೊಂದು ಬೋಲ್ಟ್ ರೈಫಲ್ ಸಿಗುವುದು ಕಷ್ಟ.

ಮೊದಲಿಗೆ, ಬಹಳ ಜನ ಗಮನಿಸದ ಒಂದು ಸಂಗತಿಯನ್ನು ಹೇಳಬೇಕು. 1888ರಿಂದ 1898ರವರೆಗಿನ ಹತ್ತು ವರ್ಷ ಜರ್ಮನ್ ಸೈನ್ಯಕ್ಕಾಗಿ ತಯಾರಾದ ಮುಖ್ಯ ರೈಫಲ್ ಪಾಲ್ ಮೌಸರ್ ವಿನ್ಯಾಸಗೊಳಿಸಿದ್ದಾಗಿರಲಿಲ್ಲ. ಫ್ರೆಂಚರು 1886ರಲ್ಲಿ ಹೊಗೆರಹಿತ ಮದ್ದಿನ ಲೆಬೆಲ್ ರೈಫಲನ್ನು ತಂದಾಗ ಗಾಬರಿಗೊಂಡ ಜರ್ಮನ್ ಸೈನ್ಯದ ಪರೀಕ್ಷಾ ಆಯೋಗವು ತಾನೇ ಕುಳಿತು ಗೆವೇರ್ 88 ಎಂಬ ರೈಫಲನ್ನು ರೂಪಿಸಿತು. ನೆಕ್ಕರ್ ನದಿಯ ದಂಡೆಯ ಓಬರ್ನ್‌ಡಾರ್ಫ್ ಊರಿನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಮೌಸರ್ ಅವರನ್ನು ದೂರವೇ ಇಟ್ಟಿತು. ಆದ್ದರಿಂದ ಆ ದಶಕದಲ್ಲಿ ಮೌಸರ್ ಅವರ ಹೊಸ ಆಲೋಚನೆಗಳೆಲ್ಲ ಬೇರೆ ದೇಶಗಳ ಪಾಲಾದವು. ಒಂದು ಪಟ್ಟಿಗೆ ಸಿಕ್ಕಿಸಿದ ಐದು ಕಾಡತೂಸುಗಳನ್ನು ಹೆಬ್ಬೆರಳಿನಿಂದ ಒಮ್ಮೆಗೇ ಒತ್ತಿ ತುಂಬುವ ಕ್ರಮವು 1889ರ ಬೆಲ್ಜಿಯನ್ ರೈಫಲ್‌ನೊಂದಿಗೆ ಬಂದಿತು. ಬೆಲ್ಜಿಯಂನ ಹರ್ಸ್ಟಾಲ್‌ನಲ್ಲಿರುವ ಎಫ್‌ಎನ್ ಕಂಪನಿ ಹುಟ್ಟಿದ್ದೇ ಆ ರೈಫಲನ್ನು ತಯಾರಿಸಲು. ಕಾಡತೂಸುಗಳಿರುವ ಪೆಟ್ಟಿಗೆಯನ್ನು, ಅಂದರೆ ಮ್ಯಾಗಜೀನನ್ನು, ಹೊರಗೆ ಚಾಚದಂತೆ ಮರದ ಹಿಡಿಯೊಳಗೇ ಅಡಗಿಸಿ, ಕಾಡತೂಸುಗಳನ್ನು ಎರಡು ಸಾಲಿನಲ್ಲಿ ಜೋಡಿಸುವ ವ್ಯವಸ್ಥೆ 1893ರ ಸ್ಪ್ಯಾನಿಷ್ ರೈಫಲ್‌ನಲ್ಲಿ ಕಾಣಿಸಿಕೊಂಡಿತು. ಇವೆಲ್ಲ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ 1898ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಗೆವೇರ್ 98 ಅನ್ನು ಒಪ್ಪಿಕೊಂಡಿತು. ಅಂದರೆ ಆ ಹತ್ತು ವರ್ಷಗಳ ಮಟ್ಟಿಗೆ ರಫ್ತಿನ ರೈಫಲ್ ಮುಂದಿತ್ತು, ತಾಯ್ನಾಡಿನ ಸೈನಿಕನ ಕೈಯಲ್ಲಿದ್ದುದು ಹಿಂದಿತ್ತು.

ಇದರಲ್ಲಿ ನನಗೆ ಅತ್ಯಂತ ಹಿಡಿಸುವುದು ಒಟ್ಟೋಮನ್ ತುರ್ಕರ ವ್ಯವಹಾರ. 1887ರಲ್ಲಿ ಅವರು ಮೌಸರ್ ಮತ್ತು ಬರ್ಲಿನ್ನಿನ ಲೋವೆ ಕಂಪನಿಗಳೊಂದಿಗೆ 5 ಲಕ್ಷ ರೈಫಲ್‌ಗಳಿಗೆ ಕರಾರು ಮಾಡಿಕೊಂಡಾಗ ಅದರಲ್ಲಿ ಒಂದು ಷರತ್ತು ಸೇರಿಸಿದರು: ಕರಾರು ಮುಗಿಯುವುದರೊಳಗೆ ಮೌಸರ್ ಇನ್ನೂ ಉತ್ತಮವಾದ ವಿನ್ಯಾಸ ಮಾಡಿದರೆ ಬಾಕಿ ಉಳಿದ ಸಂಖ್ಯೆಯನ್ನು ಆ ಹೊಸ ವಿನ್ಯಾಸದಲ್ಲೇ ಕೊಡಬೇಕು. ಹಳೆಯ ಕಪ್ಪು ಮದ್ದಿನ 9.5 ಮಿ.ಮೀ. ರೈಫಲ್‌ಗಳು ಸುಮಾರು 2,20,000 ತಲುಪುವಷ್ಟರಲ್ಲಿ ಹೊಗೆರಹಿತ ಮದ್ದಿನ ಕಾಲ ಬಂದಿತ್ತು. ತುರ್ಕರು ಷರತ್ತನ್ನು ಮುಂದಿಟ್ಟು ಉಳಿದವನ್ನು 7.65 ಮಿ.ಮೀ.ನ 1890ರ ಮಾದರಿಯಲ್ಲಿ ಪಡೆದರು. ಅವರ ಅಧಿಕಾರಿಗಳು ಓಬರ್ನ್‌ಡಾರ್ಫಿನಲ್ಲೇ ಬಿಡಾರ ಹೂಡಿ ರೈಫಲ್‌ಗಳನ್ನು ಪರೀಕ್ಷಿಸಿ ಒಪ್ಪಿಗೆಯ ಮುದ್ರೆ ಒತ್ತುತ್ತಿದ್ದರು. ಹೀಗೆ ಕಾರ್ಖಾನೆಯ ಬಾಗಿಲಲ್ಲೇ ಕಾದು ನಿಂತ ಗಿರಾಕಿಗೆ ಕಳಪೆ ಮಾಲು ಸಾಗಿಸಲು ಯಾವ ತಯಾರಕನಿಗೂ ಸಾಧ್ಯವಿರಲಿಲ್ಲ.

ಸ್ವೀಡನ್ನಿನವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ 6.5 ಮಿ.ಮೀ. ರೈಫಲ್‌ಗಳನ್ನು ಜರ್ಮನಿಯಲ್ಲಿ ಮಾಡಿಸಿದಾಗಲೂ ಉಕ್ಕು ಸ್ವೀಡನ್ನಿನದೇ ಆಗಿರಬೇಕೆಂದು ಪಟ್ಟು ಹಿಡಿದರು. ಸ್ವೀಡನ್ನಿನ ಸೈನ್ಯದಲ್ಲಿದ್ದ ಆ ಮಾದರಿಯ ರೈಫಲನ್ನು ಕೈಗೆತ್ತಿಕೊಂಡರೆ ಭುಜಕ್ಕೆ ಒರಗುವ ಮರದ ಭಾಗದಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಕಾಣುತ್ತದೆ. ನಳಿಗೆಯ ಒಳಮೈ ಎಷ್ಟು ಸವೆದಿದೆ, ಅದರ ವ್ಯಾಸ ಎಷ್ಟಿದೆ ಎಂಬುದನ್ನು ಅದರ ಮೇಲಿನ ಸಣ್ಣ ಗುರುತುಗಳು ಹೇಳುತ್ತವೆ. ಇಷ್ಟು ಜೋಪಾನವಾಗಿ ಲೆಕ್ಕವಿಟ್ಟ ಸೈನ್ಯದ ರೈಫಲ್‌ಗಳು ಒಂದು ಶತಮಾನದ ನಂತರವೂ ಗುರಿ ತಪ್ಪದೆ ಹೊಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ರಫ್ತಿನದೇ ಮೇಲು ಎಂದು ತೀರ್ಮಾನಿಸುವುದು ಸರಿಯಲ್ಲ. ಗೆವೇರ್ 98 ಬಂದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಕಾಡತೂಸು ಸಿಡಿಯುವಾಗ ಬೋಲ್ಟನ್ನು ಬಿಗಿಯಾಗಿ ಹಿಡಿದಿಡುವುದು ಅದರ ತಲೆಯಲ್ಲಿರುವ, ಲಗ್ ಎಂದು ಕರೆಯುವ ಎರಡು ಚಾಚುಗಳು. ಮೌಸರ್ ಈ ಮಾದರಿಯಲ್ಲಿ ಬೋಲ್ಟಿನ ಹಿಂಭಾಗಕ್ಕೆ ಮೂರನೆಯ ಲಗ್ ಒಂದನ್ನು ಸೇರಿಸಿದರು. ಮುಂದಿನವು ಮುರಿದರೂ ಬೋಲ್ಟ್ ಹಿಂದಕ್ಕೆ ಚಿಮ್ಮದಂತೆ ತಡೆಯುವುದು ಅದರ ಕೆಲಸ. ಕಾಡತೂಸು ಬಿರಿದು ಅನಿಲ ಹಿಂದಕ್ಕೆ ನುಗ್ಗಿದರೆ ಅದನ್ನು ಎಡಗಡೆಯ ಕೊರಕಲಿಗೆ ತಿರುಗಿಸಿಬಿಡಲು ಬೋಲ್ಟಿನಲ್ಲಿ ಎರಡು ರಂಧ್ರಗಳನ್ನು ಕೊರೆದರು, ಸೈನಿಕನ ಮುಖಕ್ಕೆ ತಾಗದಂತೆ ಹಿಂಭಾಗದಲ್ಲಿ ಒಂದು ಅಗಲವಾದ ಕವಚವನ್ನೂ ಇಟ್ಟರು. ಸ್ಪೇನ್, ಸ್ವೀಡನ್, ಚಿಲಿ, ದಕ್ಷಿಣ ಆಫ್ರಿಕಾದ ಬೋಯರ್ ಗಣರಾಜ್ಯಗಳು ಅದಕ್ಕೆ ಮೊದಲು ಕೊಂಡ ರೈಫಲ್‌ಗಳಲ್ಲಿ ಆ ಮೂರನೆಯ ಲಗ್ ಇಲ್ಲ. ಆದ್ದರಿಂದ 1898ಕ್ಕಿಂತ ಹಿಂದಿನ ರಫ್ತಿನ ರೈಫಲನ್ನು ಇಂದಿನ ಹೆಚ್ಚು ಒತ್ತಡದ ಕಾಡತೂಸಿಗೆ ಒಗ್ಗಿಸಿರುವುದನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ.

1898ರ ನಂತರ ಈ ಸುಧಾರಣೆಗಳು ರಫ್ತಿನ ರೈಫಲ್‌ಗಳಿಗೂ ಬಂದವು. ಆಗ ಹೋಲಿಕೆಗೆ ಯೋಗ್ಯವಾದ ಜೋಡಿ ಎಂದರೆ ಜರ್ಮನ್ ಸೈನ್ಯದ ಗೆವೇರ್ 98 ಮತ್ತು ಬರ್ಲಿನ್ನಿನ ಡಿಡಬ್ಲ್ಯುಎಂ ಕಂಪನಿ ಅರ್ಜೆಂಟೀನಾಕ್ಕಾಗಿ ತಯಾರಿಸಿದ 1909ರ ಮಾದರಿ. ಎರಡರ ಬೋಲ್ಟ್ ವ್ಯವಸ್ಥೆ ಒಂದೇ, ಕಾಡತೂಸು ಬೇರೆ: ಜರ್ಮನಿಯದು 7.92 ಮಿ.ಮೀ., ಅರ್ಜೆಂಟೀನಾದ್ದು 7.65. ಗೆವೇರ್ 98ರ ಮ್ಯಾಗಜೀನಿನ ತಳದ ತಟ್ಟೆಯನ್ನು ಬಿಚ್ಚಬೇಕಾದರೆ ಸಣ್ಣ ಗುಂಡಿಯೊಂದನ್ನು ಕಾಡತೂಸಿನ ತುದಿಯಿಂದಲೋ ಮೊನಚಾದ ಬೇರೇನಾದರಿಂದಲೋ ಒತ್ತಬೇಕು. ತಟ್ಟೆ ಬೇರ್ಪಟ್ಟು ಕೈಗೆ ಬರುತ್ತದೆ, ಕೆಸರಿನಲ್ಲಿ ಬಿದ್ದರೆ ಹುಡುಕಬೇಕು. ಅರ್ಜೆಂಟೀನಾದವರು ಅದಕ್ಕೆ ಕೀಲು ಹಾಕಿಸಿದರು; ಟ್ರಿಗರ್ ಬಳೆಯೊಳಗಿನ ಸಣ್ಣ ಸನ್ನೆಯನ್ನು ಬೆರಳಿನಿಂದ ಒತ್ತಿದರೆ ತಟ್ಟೆ ಬಾಗಿಲಿನಂತೆ ಕೆಳಕ್ಕೆ ತೆರೆದುಕೊಳ್ಳುತ್ತದೆ. ಗುರಿ ನೋಡುವ ಹಿಂಬದಿಯ ಸಾಧನದಲ್ಲೂ ವ್ಯತ್ಯಾಸವಿದೆ. ಜರ್ಮನ್ ರೈಫಲ್‌ನದು ಎರಡು ಕಡೆ ಎತ್ತರವಾಗಿ ಬಾಗಿದ ದಪ್ಪ ರಚನೆ, ಮೊನಚಾದ ಹೊಸ ಗುಂಡಿಗೆ ಹೊಂದಿಸಿದ ಮೇಲೆ ಅದರ ಅತಿ ಕಡಿಮೆ ದೂರವೇ 400 ಮೀಟರ್ ಆಯಿತು. ಕಂದಕ ಯುದ್ಧದಲ್ಲಿ ನೂರು ಮೀಟರ್ ಆಚೆಗಿನ ಶತ್ರುವಿಗೆ ಹೊಡೆಯಬೇಕಾದ ಸೈನಿಕನು ಬೇಕೆಂದೇ ಕೆಳಕ್ಕೆ ಗುರಿಯಿಡಬೇಕಾಗಿತ್ತು. ಅರ್ಜೆಂಟೀನಾದ ರೈಫಲ್‌ನದು ಸರಳವಾದ, ಸಪಾಟಾದ ಜಾರುಪಟ್ಟಿ.

ಮೇಲ್ಮೈಯ ನಯದ ವಿಷಯಕ್ಕೆ ಬಂದರೆ ಅರ್ಜೆಂಟೀನಾದ ರೈಫಲ್‌ಗಳ ಹೊಳಪು, ಕಾಡತೂಸು ಕೂರುವ ಚೇಂಬರಿನ ಮೇಲೆ ಕೆತ್ತಿದ ರಾಷ್ಟ್ರಲಾಂಛನದ ಸೂಕ್ಷ್ಮತೆ ಇವುಗಳನ್ನು ಕಂಡು ರಫ್ತಿನ ಮಾಲೇ ಶ್ರೇಷ್ಠವೆಂದು ಹೇಳುವವರು ಬಹಳ. ಆದರೆ ಅವರು ಪಕ್ಕದಲ್ಲಿಟ್ಟು ನೋಡುವ ಜರ್ಮನ್ ರೈಫಲ್ ಸಾಮಾನ್ಯವಾಗಿ 1916 ಅಥವಾ 1917ರದು. ಆ ಹೊತ್ತಿಗೆ ಜರ್ಮನಿಯು ಹಲವಾರು ಸಣ್ಣ ಕಾರ್ಖಾನೆಗಳಿಂದ ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿತ್ತು, ನಯಗೊಳಿಸಲು ಪುರುಸೊತ್ತು ಇರಲಿಲ್ಲ. ಯುದ್ಧಕ್ಕೆ ಮೊದಲು ಶ್ಪಾಂಡೌ ಅಥವಾ ಆಂಬರ್ಗ್‌ನ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ ಗೆವೇರ್ 98 ಅನ್ನು ಅರ್ಜೆಂಟೀನಾದ್ದರ ಪಕ್ಕದಲ್ಲಿಟ್ಟರೆ ನಯದ ಅಂತರ ಬಹುತೇಕ ಮಾಯವಾಗುತ್ತದೆ. ಮುಂದೆ ಜರ್ಮನ್ ಸೈನ್ಯಕ್ಕೆ ಬಂದ 1935ರ ಕೆ98ಕೆ ರೈಫಲ್‌ನದೂ ಇದೇ ಕಥೆ. ಮೊದಲ ವರ್ಷಗಳದು ಕನ್ನಡಿಯಂತಿದ್ದರೆ 1944ರ ಕೊನೆಯಲ್ಲಿ ಬಯೊನೆಟ್ ಸಿಕ್ಕಿಸುವ ಭಾಗವನ್ನೂ ನಳಿಗೆ ಶುಚಿಗೊಳಿಸುವ ಸರಳನ್ನೂ ಕೈಬಿಟ್ಟಿದ್ದರು. ಜನರು ತಾಯ್ನಾಡು ಮತ್ತು ಹೊರನಾಡುಗಳ ವ್ಯತ್ಯಾಸವೆಂದು ತಿಳಿದುಕೊಂಡದ್ದು ವಾಸ್ತವವಾಗಿ ಶಾಂತಿಕಾಲ ಮತ್ತು ಯುದ್ಧಕಾಲಗಳ ವ್ಯತ್ಯಾಸ.

ಒಂದೇ ಸೈನ್ಯದಲ್ಲಿ ಎರಡೂ ಬಗೆಗಳು ಸೇರಿದರೆ ಏನಾಗುತ್ತದೆ ಎಂಬುದಕ್ಕೂ ತುರ್ಕರೇ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಅವರ ಬಳಿ ತಮ್ಮದೇ 7.65 ಮಿ.ಮೀ. ಮೌಸರ್‌ಗಳಿದ್ದವು, ಜೊತೆಗೆ ಮಿತ್ರರಾಷ್ಟ್ರ ಜರ್ಮನಿ ಕೊಟ್ಟ 7.92ರ ಗೆವೇರ್ 98ಗಳೂ ಬಂದವು. ಒಂದರ ಕಾಡತೂಸು ಇನ್ನೊಂದಕ್ಕೆ ಆಗುವುದಿಲ್ಲ. ಕನ್ನಡಿಗರಿಗೆ ಈ ರೈಫಲ್‌ಗಳು ತೀರಾ ದೂರದವಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದವರೊಂದಿಗೆ ದಾಳಿ ಮಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯವರು ಭರ್ಜಿ ಹಿಡಿದು ಎದುರಿಸಿದ್ದು ಮೌಸರ್‌ಗಳನ್ನೇ ಮುಖ್ಯ ರೈಫಲ್ ಮಾಡಿಕೊಂಡಿದ್ದ ಈ ಒಟ್ಟೋಮನ್ ಸೈನ್ಯವನ್ನು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಯುದ್ಧದ ನಂತರ ತುರ್ಕಿ ಗಣರಾಜ್ಯವು ಅಂಕಾರಾದ ಕಾರ್ಖಾನೆಯಲ್ಲಿ ಹಳೆಯ ರಫ್ತಿನ ರೈಫಲ್‌ಗಳಿಗೆ ಹೊಸ ನಳಿಗೆ ತೊಡಿಸಿ ಅವುಗಳನ್ನು 7.92ಕ್ಕೆ ಬದಲಾಯಿಸಿತು.

ಆದ್ದರಿಂದ ಹಳೆಯ ಮೌಸರ್ ಒಂದು ಎದುರಿಗಿದ್ದಾಗ, ಅದು ರಫ್ತಿನದೋ ಅಲ್ಲವೋ ಎಂಬುದಕ್ಕಿಂತ ಮೊದಲು ನಾನು ನೋಡುವುದು ತಯಾರಾದ ವರ್ಷವನ್ನು, ಬೋಲ್ಟಿನ ಮೂರನೆಯ ಲಗ್ ಇದೆಯೇ ಎಂಬುದನ್ನು ಮತ್ತು ನಳಿಗೆಯ ಅಳತೆಯನ್ನು. ಮಲೆನಾಡಿನ ಎಸ್ಟೇಟಿನ ಮನೆಗಳಲ್ಲಿ ಪರವಾನಗಿಯೊಂದಿಗೆ ಉಳಿದುಕೊಂಡಿರುವ ಹಳೆಯ ಬೇಟೆಯ ರೈಫಲ್‌ಗಳ ಬಗ್ಗೆ ಬರೆದು ಕೇಳುವವರಿಗೂ ಇದೇ ಉತ್ತರ. 7×57 ಮತ್ತು 7.92×57 ಕಾಡತೂಸುಗಳ ಕವಚದ ಉದ್ದ ಒಂದೇ ಆಗಿರುವುದರಿಂದ ಕಣ್ಣಳತೆಯನ್ನು ನಂಬದೆ, ಗುಂಡು ಹಾಕುವ ಮೊದಲು ಬಂದೂಕುಗಳನ್ನು ಬಲ್ಲ ಕಮ್ಮಾರರಿಂದ ಚೇಂಬರನ್ನು ಅಳೆಸಲೇಬೇಕು. ಎಲ್ಲ ಬಿಟ್ಟು ಒಂದನ್ನೇ ಆರಿಸು ಎಂದರೆ ನಾನು ಅರ್ಜೆಂಟೀನಾದ 1909ರದನ್ನು ಆರಿಸುತ್ತೇನೆ. ಅದರಲ್ಲಿ ಗೆವೇರ್ 98ರ ಭದ್ರವಾದ ಬೋಲ್ಟ್ ಇದೆ, ಕೀಲಿನ ತಟ್ಟೆ ಇದೆ, ಗುರಿ ನೋಡಲು ಸರಳವಾದ ಜಾರುಪಟ್ಟಿ ಇದೆ, ಮತ್ತು ಅದನ್ನು ತಯಾರಿಸಿದವರಿಗೆ ಅವಸರವಿರಲಿಲ್ಲ.