ಹಲಗಿ, ಬಣ್ಣ ಮತ್ತು ದವಡೆ ಹಲ್ಲು

ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಬಣ್ಣಕ್ಕೆ ಮುಂಚೆಯೇ ಓಣಿ ಓಣಿಯಲ್ಲಿ ರಾತ್ರಿ ಹಲಗಿ ವಾದ್ಯದ ಬಡಿತ ಶುರುವಾಗುತ್ತದೆ. ಬಣ್ಣದ ದಿನಗಳಲ್ಲಂತೂ ಬ್ಯಾರಲ್ ಹೇರಿಕೊಂಡ ಬಂಡಿಗಳು ಹೊರಟರೆ ಮನೆಯೊಳಗೆ ಕೂತವರೂ ಒಣಗಿರುವುದಿಲ್ಲ. ಅಂಥ ಹೊತ್ತಿನಲ್ಲೇ ಹದಿನಾಲ್ಕು ತಿಂಗಳ ಮಗಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದೆ. ಹೀಗಾಗಿ ಕೂಸಿಗೆ ಏನೇ ಆದರೂ ಅದನ್ನು ಹೋಳಿಯ ತಲೆಗೆ ಕಟ್ಟುವುದು ಎಲ್ಲರಿಗೂ ಸಲೀಸಾಯಿತು.

ಮೊದಲು ಕಿವಿ. ಎಡಗಿವಿ ಹಿಡಿದು ಜಗ್ಗುವುದು, ಮುಷ್ಟಿಯಿಂದ ಗುದ್ದಿಕೊಳ್ಳುವುದು, ನಡುರಾತ್ರಿ ಚಿಟ್ಟನೆ ಚೀರಿ ಏಳುವುದು. "ಹಲಗಿ ಸಪ್ಪಳಕ್ಕ ಕೂಸಿನ ಕಿವಿಗೆ ಏನರ ಆಗೈತಿ ನೋಡ" ಎಂದಳು ಅವ್ವ. ಮರುದಿನ ಗದ್ದದ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಕೆಂಪು ಗುಳ್ಳೆಗಳು. ಯಾರೋ ಬಣ್ಣದ ಕೈಲೆ ಎತ್ತಿಕೊಂಡಿರಬೇಕು ಎಂದು ಬಂದು ಹೋದವರ ಹೆಸರನ್ನೆಲ್ಲ ಎಣಿಸಿದ್ದಾಯಿತು. ಹಾಲಿನಲ್ಲಿ ಚೂರಿದ ರೊಟ್ಟಿ ಅಂದರೆ ಪ್ರಾಣ ಬಿಡುತ್ತಿದ್ದವಳು ಬಾಯಿ ಬಿಗಿ ಹಿಡಿದಳು. ತಿನ್ನಿಸಲು ಹೋದರೆ ರೊಟ್ಟಿ ಬಿಟ್ಟು ಸ್ಟೀಲ್ ಬಟ್ಟಲಿನ ಅಂಚು ಕಡಿಯುತ್ತಿದ್ದಳು. ಅವ್ವ ಉಪ್ಪು-ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಕೂಸು ಇನ್ನಷ್ಟು ಅತ್ತಿತು.

ಹಾಗೆ ಬಾಯಿ ತೆರೆದು ಅಳುವಾಗಲೇ ನನಗದು ಕಂಡದ್ದು. ಎಡಗಡೆ ಕೆಳದವಡೆಯ ಹಿಂದೆ, ವಸಡಿನ ಮೇಲೆ, ಕಡಲೆಕಾಳಿನಷ್ಟು ದಪ್ಪದ ಒಂದು ಗುಳ್ಳೆ. ಬಣ್ಣ ಕಡುನೀಲಿ, ನಡುವೆ ಕಪ್ಪಗೆ, ಒಳಗೆ ನೀರು ನಿಂತ ಹಾಗೆ ಮಿರಮಿರ ಮಿಂಚುತ್ತಿತ್ತು. ಬೆರಳು ತಾಗಿಸಿದರೆ ಮೆತ್ತಗೆ. ಹಲ್ಲಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಮುಂದಿನ ಎಂಟೂ ಹಲ್ಲು ಗದ್ದಲವಿಲ್ಲದೆ ಬಂದು ಕೂತಿದ್ದವು, ಇನ್ನು ಬಂದರೆ ಅವುಗಳ ಪಕ್ಕದ್ದೇ ಬರಬೇಕು ಎಂದು ನಮ್ಮ ಲೆಕ್ಕ. ಬಣ್ಣದ ಪುಡಿಯನ್ನೇನಾದರೂ ಬಾಯಿಗೆ ಹಾಕಿಕೊಂಡಿತೇ ಎಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಬೆಳಿಗ್ಗೆಯಿಂದ ನೀರು ನೀರಾಗಿ ಭೇದಿ ಬೇರೆ ಶುರುವಾಗಿತ್ತು, ಮೈಯೂ ಸುಡುತ್ತಿತ್ತು. ಬಣ್ಣ ತಪ್ಪಿಸಿಕೊಂಡು ಓಣಿಯೊಳಗಿಂದಲೇ ಹೋಗಿ ರಿಕ್ಷಾ ಹಿಡಿದು ನವನಗರದ ಮಕ್ಕಳ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರ ಗಲ್ಲದ ಮೇಲೂ ಗುಲಾಬಿ ಬಣ್ಣ ಪೂರ್ತಿ ಹೋಗಿರಲಿಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಪರದೆ ಚೊಕ್ಕವಾಗಿತ್ತು. ಬಾಯಿಯೊಳಗಿನ ಗುಳ್ಳೆ ನೋಡಿ ನಕ್ಕರು. "ದವಡಿ ಹಲ್ರಿ ಇದು. ಮುಂದಿನವು ಬಂದ ಮ್ಯಾಲೆ ನಡುವ ಜಾಗಾ ಬಿಟ್ಟು ಮೊದಲನೇ ದವಡಿ ಹಲ್ಲ ಬರ್ತೈತಿ, 13ರಿಂದ 19 ತಿಂಗಳೊಳಗ. ಕೋರೆಹಲ್ಲ ಆಮ್ಯಾಲೆ." ಹೊರಬರುವ ಹಲ್ಲಿಗೂ ಅದರ ಮೇಲಿನ ವಸಡಿಗೂ ನಡುವೆ ನೀರು, ಒಂದಿಷ್ಟು ರಕ್ತ ಸೇರಿಕೊಂಡರೆ ಹೀಗೆ ನೀಲಿ ಗುಳ್ಳೆ ಏಳುತ್ತದಂತೆ. ಹಲ್ಲು ಮೇಲೆ ಬಂದಾಗ ತಾನೇ ಒಡೆಯುತ್ತದೆ. ಚುಚ್ಚಬಾರದು, ಹಿಚುಕಬಾರದು. ಕೆಳದವಡೆಗೂ ಕಿವಿಯ ಮುಂಭಾಗಕ್ಕೂ ಹೋಗುವುದು ಒಂದೇ ನರದ ಕವಲುಗಳು, ಹಾಗಾಗಿ ನೋವು ಹಲ್ಲಿನದಾದರೂ ಮಗು ಜಗ್ಗುವುದು ಕಿವಿಯನ್ನು. ಗದ್ದದ ಗುಳ್ಳೆ ಬಣ್ಣದ್ದಲ್ಲ, ಜೊಲ್ಲಿನದು. ಒತ್ತಿ ಒರೆಸಿ, ಒಣಗಿಸಿ, ತೆಳ್ಳಗೆ ವ್ಯಾಸಲಿನ್ ಹಚ್ಚಿದರೆ ಸಾಕು.

ಅವ್ವನಿಗೆ ಜೀವ ಬಂದಂತಾಯಿತು. "ಹಂಗಾರ ಹೊಟ್ಟಿ ಕೆಟ್ಟಿದ್ದೂ ಹಲ್ಲಿಂದನ ಬಿಡ್ರಿ. ನಮ್ಮ ಮಕ್ಕಳಿಗೆಲ್ಲಾ ಹಂಗ ಆಗಿತ್ತು."

"ಅದೊಂದು ಮಾತ್ರ ಹಲ್ಲಿಂದಲ್ಲ ಯವ್ವಾ" ಎಂದು ಡಾಕ್ಟರು ಪೆನ್ನು ಕೆಳಗಿಟ್ಟರು.

ಹೊರಗೆ ಅಷ್ಟು ಮಂದಿ ಕಾಯುತ್ತಿದ್ದರೂ ಆ ಮನುಷ್ಯ ಅವಸರ ಮಾಡಲಿಲ್ಲ. ಹಲ್ಲು ಬರುವಾಗ ಮೈ ಒಂಚೂರು ಬೆಚ್ಚಗಾಗಬಹುದು, 100.4 ಡಿಗ್ರಿ ದಾಟಿದರೆ ಅದು ಜ್ವರ, ಕಾರಣ ಬೇರೆ ಹುಡುಕಬೇಕು. ಮಗಳಿಗೆ ಅದಕ್ಕಿಂತ ಹೆಚ್ಚೇ ಇತ್ತು. ತಾಯಿಯಿಂದ ಬಂದ ರೋಗ ತಡೆಯುವ ಶಕ್ತಿ ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ. ಅದೇ ಹೊತ್ತಿಗೆ ಹಲ್ಲೂ ಶುರು, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವುದೂ ಶುರು. ವಸಡು ಕೆರೆಯುವ ಕೂಸು ಕೈ ಬಾಯಿಂದ ತೆಗೆಯುವುದೇ ಇಲ್ಲ. ಭೇದಿ ಬರುವುದು ಆ ಕೈಯಿಂದ, ಹೆಸರು ಮಾತ್ರ ಹಲ್ಲಿಗೆ. ಹಲ್ಲಿನದೇ ಬಿಡು ಎಂದು ಕೂತು, ಕಣ್ಣು ಗುಳಿಬಿದ್ದು ಉಚ್ಚೆ ನಿಂತ ಮೇಲೆ ಕರೆತರುವವರು ಈಗಲೂ ಇದ್ದಾರೆ ಎಂದರು. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್ ಚಮಚದಲ್ಲಿ. ಜಿಂಕ್ ದಿನಕ್ಕೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ ಪೂರ್ತಿ. ಎದೆಹಾಲು ನಿಲ್ಲಿಸುವ ಹಾಗಿಲ್ಲ. ಜ್ವರಕ್ಕೆ ತೂಕ ನೋಡಿ ಪ್ಯಾರಾಸಿಟಮಾಲ್ ಬರೆದರು.

ವಸಡಿಗೆ ಹಚ್ಚುವ ಜೆಲ್ ಕೇಳಿದೆ, ಬೇಡವೆಂದರು. ಕೆಲವು ಜೆಲ್‌ಗಳಲ್ಲಿ ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧಿ ಇರುತ್ತದೆ, ಅದು ರಕ್ತ ಆಮ್ಲಜನಕ ಒಯ್ಯುವುದನ್ನೇ ಕೆಡಿಸಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಬದಲಿಗೆ ಫ್ರಿಜ್‌ನಲ್ಲಿಟ್ಟ ಒದ್ದೆ ಹತ್ತಿಬಟ್ಟೆ ಕಡಿಯಲು ಕೊಡಿ ಎಂದರು. ಅವ್ವ ಖಡಕ್ ರೊಟ್ಟಿಯ ಪ್ರಸ್ತಾಪ ಎತ್ತಿದಳು. ಮುರಿದ ಚೂರು ಗಂಟಲಿಗೆ ಸಿಕ್ಕೀತು ಎಂದು ಅದಕ್ಕೂ ಇಲ್ಲ.

ಹಬ್ಬ ಮುಗಿಯುವಷ್ಟರಲ್ಲಿ ಭೇದಿ ನಿಂತಿತು. ಗುಳ್ಳೆ ಯಾವಾಗ ಒಡೆಯಿತೋ ತಿಳಿಯಲೇ ಇಲ್ಲ. ಒಂದು ಸಂಜೆ ಬಾಯೊಳಗೆ ಬೆರಳಾಡಿಸಿದರೆ ಒರಟು ಮೂಲೆಯೊಂದು ತಾಗಿತು, ಕೂಡಲೇ ಕಚ್ಚಿದಳು. ಈಗ ಕೋರೆಹಲ್ಲಿನ ಸರದಿ. ಮತ್ತೆ ಜೊಲ್ಲು, ಮತ್ತೆ ರಾತ್ರಿ ಎಚ್ಚರ. ಅವ್ವ ದಿನಾ ಫೋನ್ ಮಾಡುತ್ತಾಳೆ. "ಹೊಟ್ಟಿ ನೆಟ್ಟಗೈತೇನ? ಮೈ ಬಿಸಿ ಐತೇನ?" ಎಂದು ಕೇಳಿದ ಮೇಲೆಯೇ ಹಲ್ಲಿನ ಸುದ್ದಿಗೆ ಬರುತ್ತಾಳೆ.